ಕರೆದರೆ ಬರುವ ಬಸ್ಸು

ಮೂರೂವರೆಯಾದರೂ ಬುಕಿಂಗ್ ಫೋನು ಉಸಿರೆತ್ತಲಿಲ್ಲ. ನಿಂತ ಬಸ್ಸಿನ ಮೊದಲ ಸೀಟಿನಲ್ಲಿದ್ದ ಯೋಜನಾಧಿಕಾರಿ ಅದನ್ನು ಮತ್ತೊಮ್ಮೆ ಕಿವಿಗಿಟ್ಟು ನೋಡಿದ. ಜೀವವಿತ್ತು.

ಊರಂಚಿನ ಈ ಬಡಾವಣೆಯಲ್ಲಿ ಮನೆಗಳು ಮುನಿಸಿಕೊಂಡ ದಾಯಾದಿಗಳಂತೆ ದೂರದೂರ ಕೂತಿದ್ದವು. ದಿನದ ಬಸ್ಸು ಇಲ್ಲಿಗೆ ಗಿಟ್ಟದು. ಫೋನು ಮಾಡಿದವರ ಬಾಗಿಲಿಗೇ ಬರುವ ಬಸ್ಸು ಬೇಕೆಂದು ಮನೆಮನೆಯವರೂ ಅರ್ಜಿಗೆ ಸಹಿ ಹಾಕಿದ್ದರು. ಅದನ್ನು ಹಿಡಿದು ಅವನು ವರ್ಷವಿಡೀ ಮೇಲಧಿಕಾರಿಗಳ ಕೋಣೆಗಳಿಗೆ ಅಲೆದಿದ್ದ. ಬಸ್ಸು ಬಂದು ತಿಂಗಳಾಗಿತ್ತು. ಒಬ್ಬರೂ ಕರೆದಿರಲಿಲ್ಲ. ಇಂದು ಐದರೊಳಗೆ ಇಲ್ಲಿನವರೊಬ್ಬರಾದರೂ ಹತ್ತದಿದ್ದರೆ ಬಸ್ಸು ವಾಪಸು.

‘ಹಸಿವು ಅಂದೋರೇ ತಟ್ಟೆ ಮುಂದೆ ಕೂರ್ತಿಲ್ಲ, ಸಾರ್,’ ಎಂದ ಡ್ರೈವರ್.

ಅಧಿಕಾರಿ ಬುಕಿಂಗ್ ಫೋನನ್ನು ಅವನ ಕೈಗಿತ್ತು ಇಳಿದು ನಡೆದ.

ಮೊದಲ ಸಹಿ ಹಾಕಿದ್ದ ಟೈಲರಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಚೀಲ. ಈಚೆಗೆ ಸೂಜಿಯ ಕಣ್ಣು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ನಾಲ್ಕೂವರೆಗೆ ಕಣ್ಣಾಸ್ಪತ್ರೆಯಲ್ಲಿರಬೇಕಿತ್ತು.

‘ಮತ್ತೆ ಯಾಕಮ್ಮ ಕರೀಲಿಲ್ಲ?’

‘ನನ್ನೊಬ್ಬಳಿಗೆ ಅಷ್ಟು ದೊಡ್ಡ ಬಸ್ಸು ಕರೆಸೋದಾ? ನೋಡಿದೋರು ಏನಂದಾರು? ಬೇರೆ ಯಾರಾದ್ರೂ ಕರೀಲಿ, ಜೊತೆಗೆ ಹತ್ಕೋತೀನಿ.’

ಪಕ್ಕದ ಮನೆಯ ಮೇಷ್ಟ್ರು ಟೈಲರಮ್ಮ ಕರೆಯಲಿ ಎಂದು ಕಾಯುತ್ತಿದ್ದರು. ಎದುರುಮನೆಯವರು ಮೇಷ್ಟ್ರಿಗಾಗಿ ಕಾಯುತ್ತಿದ್ದರು. ಎಲ್ಲರೂ ಹೊರಡಲು ಸಿದ್ಧರಾಗಿಯೇ ಇದ್ದರು.

ಬೀದಿಯ ಕೊನೆಯ ಖಾಲಿ ಮನೆಯ ಹಿಂದೆ ನಿಂತು ಅವನೇ ಫೋನು ಮಾಡಿದ. ತನ್ನ ಕರೆ ಲೆಕ್ಕಕ್ಕಿಲ್ಲ. ಆದರೆ ಬಸ್ಸೊಂದು ಓಡಾಡಿದರೆ ಇವರ ಸಂಕೋಚ ಬಿಟ್ಟೀತು.

‘ಎಲ್ಲಿಂದ, ಎಲ್ಲಿಗೆ?’ ನಿಯಮದಂತೆ ಕೇಳಿತು ಡ್ರೈವರನ ದನಿ.

ಮೊದಲನೆಯದನ್ನು ಹೇಳಿದ. ಎರಡನೆಯದಕ್ಕೆ ನಾಲಿಗೆ ಹೊರಳಲಿಲ್ಲ. ಆಫೀಸು, ಬಾಡಿಗೆ ಕೋಣೆ. ಎರಡರಲ್ಲೂ ಅವನ ದಾರಿ ಕಾಯುವವರಿರಲಿಲ್ಲ.

‘ಎಲ್ಲಿಗಾದರೂ.’

ಬಸ್ಸು ಬಂತು. ಅವನು ಹತ್ತಿ ಕೂತ. ಸದ್ದಿಗೆ ಬಾಗಿಲುಗಳು ತೆರೆದವು. ಚೀಲ ಹಿಡಿದ ಜನ ಗೇಟಿಗೆ ಬಂದರು. ಟೈಲರಮ್ಮನ ಮುಂದೆ ನಿಲ್ಲಿಸಲು ಹೇಳಿದ. ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಣ್ಣು ಕಿರಿದಾಗಿಸಿ ಒಳಗೆ ನೋಡಿದಳು. ನಲವತ್ತು ಸೀಟಿನ ನಡುವೆ ಅವನೊಬ್ಬ.

‘ಓ, ಸಾಹೇಬರ ಸ್ವಂತ ಕೆಲಸವಾ? ಹೋಗಿ ಬನ್ನಿ, ನಡುವೆ ನಾವ್ಯಾಕೆ?’ ಕಾಲು ಹಿಂದೆಗೆದಳು.

‘ಹತ್ತಿ ಅಮ್ಮ, ಇದು ನಿಮ್ಮದೇ...’

ಅವಳಾಗಲೇ ಮರ್ಯಾದೆಯಿಂದ ಹಿಂದೆ ಸರಿದಿದ್ದಳು. ಮೇಷ್ಟ್ರೂ ಸರಿದರು.

ಬಸ್ಸು ನಿಂತು ನಿಂತು ಸಾಗಿತು. ಗೇಟುಗೇಟಿನಲ್ಲೂ ಕೈಗಳು ಮೇಲೆದ್ದು, ದೂರದೂರಿಗೆ ಹೊರಟ ನೆಂಟನನ್ನು ಕಳಿಸಿಕೊಡುವಂತೆ ಮೆಲ್ಲನೆ ಆಡಿದವು. ಗಾಜಿನ ಹಿಂದೆ ಅವನ ಕೈಯೂ ಅವನನ್ನು ಕೇಳದೆ ಎದ್ದು, ಬೀಸತೊಡಗಿತು.