ಬಾವಿಗೆ ಅಡ್ಡ ಮಲಗಿದ ಕೊರೊತೂಮು

ಬೆಳಗ್ಗೆ ಟೆಂಗಾ ಬಾವಿ ತೋಡಲು ಇಳಿಯುವಾಗ ಅವನ ಸೊಂಟಕ್ಕೆ ಹಗ್ಗ ಬಿಗಿದವಳು ಕೊರೊತೂಮುವೇ. ಗಂಟನ್ನು ಬೇಕೆಂದೇ ಬೆನ್ನ ಹಿಂದೆ ಹಾಕಿದಳು.

"ಮುಂದಕ್ಕೆ ಹಾಕೇ ಮುದುಕಿ, ಬಿಚ್ಕೊಳ್ಳೋಕೆ ಕೈಗೆ ಎಟುಕಲ್ಲ."

"ಎಟುಕಬಾರ್ದು ಅಂತಾನೇ. ನನ್ನ ಜೀತದಾಳು ನೀನು, ಓಡಿಹೋದ್ರೆ ಎಲ್ಲಿ ಹುಡುಕ್ಲಿ?"

"ನಾಯಿತಲೆ ಸಾರು ಉಣ್ಣೋರ ಮನೇಲಿ ಜೀತ ಬೇರೆ ಕೇಡು!" ಎನ್ನುತ್ತ ಇಳಿದ.

ಅವಳು ಸಾಮೋ ಬುಡಕಟ್ಟಿನವಳು, ಅವನು ಮೊಸ್ಸಿ. ಈ ಎರಡು ಬುಡಕಟ್ಟಿಗೆ ಅಜ್ಜಂದಿರ ಕಾಲದಿಂದ ಬೈದಾಡುವ ನಂಟು. ಬೈದರೆ ಮುನಿಯುವಂತಿಲ್ಲ, ಕೇಳಿದ್ದಕ್ಕೆ ಇಲ್ಲವೆನ್ನುವಂತಿಲ್ಲ. ಮೊಸ್ಸಿಯರಲ್ಲಿ ಸಾವಾದರೆ ಕೊರೊತೂಮು ಹೋಗಿ ತೋಡಿದ ಗುಂಡಿಗೆ ಅಡ್ಡ ಮಲಗಿಬಿಡುವಳು; ಕೈಗೆ ಕಾಣಿಕೆಯ ಕೋಲಾ ಕಾಯಿ ಇಟ್ಟಮೇಲೇ ಎದ್ದು ಹೆಣಕ್ಕೆ ದಾರಿ ಬಿಡುವಳು. ಅತ್ತವರೂ ಆಗ ಒಂದಿಷ್ಟು ನಗುತ್ತಿದ್ದರು.

ಬಾವಿಗೆ ಸಿಮೆಂಟಿನ ಬಳೆ, ನೀರೆತ್ತುವ ಎಂಜಿನ್ನು ಎಲ್ಲ ಕೊಟ್ಟದ್ದು ಪಟ್ಟಣದ ಸೇವಾಸಂಸ್ಥೆ. ಅಗೆತ ಮಾತ್ರ ಊರಿನವರದು. ಬಾವಿಯೊಳಗೆ ಅದರ ಹೊಗೆ ತುಂಬಿದರೆ ಜೀವ ತೆಗೆಯುತ್ತದೆ, ಎಂಜಿನ್ನು ಮೇಲೇ ಇರಬೇಕೆಂದು ಸಂಸ್ಥೆಯವನು ಸಾರಿ ಸಾರಿ ಹೇಳಿದ್ದ. ಅವನು ಈ ದಿನ ಸಿಮೆಂಟು ತರಲು ಹೋಗಿದ್ದ.

ಹೊತ್ತು ನೆತ್ತಿಗೇರುವ ಮುಂಚೆ ಗುದ್ದಲಿಯ ಸದ್ದು ನಿಂತಿತು.

"ಏ ಕತ್ತೆ ತಿನ್ನೋನೇ, ನಿದ್ದೆ ಬಂತಾ?" ಎಂದು ಬಗ್ಗಿ ಕೂಗಿದಳು.

ಬೈಗುಳವನ್ನು ಒಂದು ಗಳಿಗೆಯೂ ಸಾಲ ಉಳಿಸಿಕೊಳ್ಳದ ಟೆಂಗಾ ತಿರುಗಿ ಬೈಯಲಿಲ್ಲ. ಮತ್ತೆ ಕೂಗಿದಳು. ಮೇಲೆ ಬಂದದ್ದು ಹೊಗೆಯ ಕಮಟು ಮಾತ್ರ.

"ಬೂರೈಮಾ! ಎಂಜಿನ್ನು ಎಲ್ಲೋ?"

ಟೆಂಗಾನ ತಮ್ಮ ನೆಲ ನೋಡಿದ. "ಒಳಗೆ ಅಟ್ಟಣೆ ಮೇಲೆ ಅಜ್ಜಿ... ಮೇಲಿಂದ ನೀರೇ ಎಳೀತಿರ್ಲಿಲ್ಲ. ನಸುಕಿಗೇ ಓಡಿಸಿ ನಿಲ್ಸಿದ್ದೆ." ಅಷ್ಟು ಹೇಳುವುದರೊಳಗೆ ಕಾಲನ್ನು ಬಾವಿಯ ಅಂಚಿಗೆ ಇಟ್ಟಿದ್ದ.

ಹೋದ ವರ್ಷ ಪಕ್ಕದೂರಿನಲ್ಲಿ ಹೀಗೇ ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಇಳಿದಿದ್ದರು. ಮೂರು ಹೆಣ ಸುತ್ತಲು ಅಲ್ಲಿ ಚಾಪೆ ಸಾಲದೆ ಇಲ್ಲಿಂದ ಕೊಟ್ಟುಕಳಿಸಿದ್ದರು. ಅದು ನೆನಪಾದದ್ದೇ ತಡ, ಕೊರೊತೂಮು ಬಾವಿಯ ಬಾಯಿಗೆ ಹಾಸಿದ್ದ ಹಲಗೆಗಳ ಮೇಲೆ ಅಡ್ಡ ಬಿದ್ದಳು.

ಮಣ್ಣು ಹೊರುತ್ತಿದ್ದ ಹೆಂಗಸರು ಕಿಟಾರನೆ ಕಿರುಚಿದರು. ಅವಳು ಹಾಗೆ ಮಲಗಿದ್ದನ್ನು ಅವರು ಕಂಡದ್ದು ಗೋರಿಯ ಮೇಲೆ ಮಾತ್ರ.

"ಏಳಜ್ಜಿ! ಕಾಲು ಹಿಡೀತೀನಿ!" ಬೂರೈಮಾ ಜೇಬು ತಡಕಾಡಿ ಒಂದು ಕೋಲಾ ಕಾಯನ್ನು ಅವಳ ಕೈಗೆ ತುರುಕಿದ.

ಅವಳು ಕೈ ಕೊಡವಿದಳು. ಕಾಯಿ ಮಣ್ಣಿಗೆ ಬಿತ್ತು. "ಇದು ಹೆಣದ ಕೋಲಾ ಕಣೋ. ನಿಮ್ಮಣ್ಣ ಸತ್ತ ಅಂತ ನಿನ್ನ ಬಾಯಲ್ಲಿ ಹೇಳು, ತಗೊಂಡು ಏಳ್ತೀನಿ."

ಬೂರೈಮಾ ತಲೆ ಅಲ್ಲಾಡಿಸುತ್ತ ಅಂಚಿನಿಂದ ಹಿಂದೆ ಸರಿದ.

"ಹೇಳಲ್ವಾ? ಹಾಗಾದ್ರೆ ಹಗ್ಗ ಎಳಿ!"

"ಅವ್ನು ಕೆಳಗೆ ಹೋದ್ಮೇಲೆ ಯಾವಾಗ್ಲೂ ಬಿಚ್ಚಿಡ್ತಾನೆ. ಬರೀ ಹಗ್ಗ ಬಂದ್ರೆ?"

ಅವಳ ಭಯವೂ ಅದೇ. ಬೆನ್ನ ಹಿಂದಿದ್ದರೂ ಅವಳ ವಾತದ ಬೆರಳುಗಳು ಹಾಕಿದ ಗಂಟದು, ಸಡಿಲವಾಗಿರಬಹುದು.

ಎಲ್ಲರೂ ಹಗ್ಗ ಹಿಡಿದರು. ಒಂದು ಮಾರು ಹಗುರಾಗಿ ಬಂತು. ಇನ್ನೊಂದು ಮಾರೂ ಹಗುರವೇ. ಕೊರೊತೂಮು ಕಣ್ಣು ಮುಚ್ಚಿಕೊಂಡಳು. ಮೂರನೆಯದಕ್ಕೆ ಹಗ್ಗ ಗಕ್ಕನೆ ಬಿಗಿಯಿತು, ರಾಟೆ ಕಿರ್ರೆಂದಿತು. ಅವಳು ಹೊರಳಿ ದಾರಿ ಬಿಟ್ಟಳು.

ಮೇಲೆ ಬಂದದ್ದು ಟೆಂಗಾ, ಕತ್ತು ಜೋತಿತ್ತು. ಬೇವಿನ ಮರದಡಿ ಮಲಗಿಸಿ ಕೆನ್ನೆಗೆ ಬಾರಿಸಿದಳು. "ಏ ಕತ್ತೆ ತಿನ್ನೋನೇ! ಏ ಜೀತದವನೇ!" ಬೂರೈಮಾ ಎದೆ ಒತ್ತಿದ, ಒತ್ತುತ್ತಲೇ ಇದ್ದ. ಯಾರೋ ಬಿದ್ದ ಕೋಲಾ ಕಾಯನ್ನು ಎತ್ತಿ ತಂದು ಮೆಲ್ಲಗೆ ಅವಳ ಪಕ್ಕದಲ್ಲಿಟ್ಟರು. ಅವಳು ಅದರ ಮೇಲೆ ಕಾಲೂರಿದಳು.

"ಬೈಯೋ," ಎಂದಳು. "ಒಂದೇ ಸಲ ಬೈಯೋ ನನ್ನಪ್ಪಾ."

ಟೆಂಗಾನ ಎದೆ ಒಮ್ಮೆ ಎಗರಿತು. ಕೆಮ್ಮಿದ, ಕಾರಿಕೊಂಡ, ಗಾಳಿಯನ್ನು ಗೊರಗೊರ ಎಳೆದ.

"ನಾಯಿ..." ಎಂದ. ಮಿಕ್ಕದ್ದಕ್ಕೆ ಉಸಿರು ಸಾಲಲಿಲ್ಲ.

ಕೊರೊತೂಮು ಕೋಲಾ ಕಾಯನ್ನು ದೂರ ಒದ್ದಳು. ಆಮೇಲೆ ಅವನ ಬೆನ್ನ ಹಿಂದಿನ ಗಂಟು ಬಿಚ್ಚಲು ಕೂತಳು.