ಬಾಯಿದಷ್ಟೇ ಹೇಳು

ಸೊಸೆ ಶೈಲಶ್ರೀಯ ಬಾಯಿಹುಣ್ಣಿಗೆ ಪೀರಮ್ಮ ಮಾಡದ ಔಷಧವಿರಲಿಲ್ಲ. ಪಟಿಕದ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿದಳು, ತುಪ್ಪ ಸವರಿದಳು, ಮನೆಯ ಖಾರವನ್ನೇ ಅರ್ಧಕ್ಕಿಳಿಸಿದಳು. ಸೊಸೆಗಾಗಿ ಸಪ್ಪನೆ ಬ್ಯಾಳಿ ಉಣ್ಣುವ ಇನ್ನೊಬ್ಬ ಅತ್ತೆಯನ್ನು ಮಳಖೇಡದಲ್ಲಿ ತೋರಿಸಿ ನೋಡೋಣ! ಹುಣ್ಣು ಹತ್ತು ದಿನಕ್ಕೆ ಮಾಯುತ್ತಿತ್ತು, ತಿಂಗಳು ತುಂಬುವುದರೊಳಗೆ ಮತ್ತೆ ಏಳುತ್ತಿತ್ತು.

ಒಂದು ದಿನ ಸೊಸೆ ತಡೆದು ತಡೆದು ಹೇಳಿದಳು. "ಅತ್ತಿ, ಕೆಳಗೂ ಆಗ್ಯಾವ್ರೀ. ಇಂಥವೇ."

ಪೀರಮ್ಮ ಎದ್ದು ಬಾಗಿಲು ಹಾಕಿದಳು. ಮೂರು ಮನೆಯಾಚೆಯ ಲಕ್ಷ್ಮಿಗೂ ಹೀಗೇ ಆಗಿ, ಕೆಟ್ಟ ರೋಗವೆಂದು ತವರಿಗೆ ಬಿಟ್ಟುಬಂದ ಗಂಡ ತಿರುಗಿ ಕರೆದಿರಲಿಲ್ಲ. ಶೈಲಶ್ರೀ ಬಂಗಾರದಂಥ ಹುಡುಗಿ. ಮಗ ಮಲ್ಲುವೂ ಒಳ್ಳೆಯವನೇ, ಆದರೆ ಗಂಡಸಲ್ಲವೇ.

"ಡಾಕ್ಟರ್ ಮುಂದ ಬಾಯಿದಷ್ಟೇ ಹೇಳು. ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಲಿಕ್ಕಾಗ್ತದೇನು? ಮಲ್ಲುನ ಮುಂದೂ ಆಡಬ್ಯಾಡ ಯವ್ವಾ."

ಸೇಡಂನ ಡಾಕ್ಟರು ಬಾಯಿ ನೋಡಿ, "ಬ್ಯಾರೆ ಕಡೆ ಎಲ್ಲ್ಯರ ಆಗ್ಯಾವೇನಮ್ಮಾ?" ಎಂದು ಕೇಳಿಯೇ ಕೇಳಿದರು. ಸೊಸೆ ನೆಲ ನೋಡಿದಳು. "ಇಲ್ರೀ," ಎಂದವಳು ಪೀರಮ್ಮ. ಅವರು ಕೆಂಪು ಗುಳಿಗೆ, ಹಚ್ಚುವ ಮುಲಾಮು ಬರೆದುಕೊಟ್ಟರು. ಎರಡು ವರ್ಷ ಅದೇ ಗುಳಿಗೆ, ಅದೇ ಮುಲಾಮು.

ಈ ವರ್ಷ ಕಣ್ಣುಗಳು ಕೆಂಪಾದವು. ಕಣ್ಣುಬೇನೆ ಇರಬೇಕೆಂದು ಅಂಗಡಿಯಿಂದ ತಂದ ಹನಿ ಹಾಕಿದ್ದೂ ಆಯಿತು. ಒಂದು ಬೆಳಿಗ್ಗೆ ಶೈಲಶ್ರೀ ಹಂಚಿನ ಮೇಲೆ ಹಾಕಬೇಕಾದ ರೊಟ್ಟಿಯನ್ನು ಬೆಂಕಿಗೆ ಹಾಕಿ ಕೈ ಸುಟ್ಟುಕೊಂಡಳು. ಮಲ್ಲು ಕಾರ್ಖಾನೆಗೆ ರಜೆ ಹಾಕಿ ಇಬ್ಬರನ್ನೂ ಕಲಬುರಗಿಗೆ ಕರೆದೊಯ್ದ.

ಅಲ್ಲಿಯ ಡಾಕ್ಟರು ಹೆಣ್ಣುಮಗಳು. ಮಲ್ಲುವನ್ನು ಹೊರಗೆ ಕಳಿಸಿ ಅದೇ ಪ್ರಶ್ನೆ ಕೇಳಿದರು. ಶೈಲಶ್ರೀ ಖಾಲಿ ಕುರ್ಚಿಯ ಕಡೆ ಮುಖ ತಿರುಗಿಸಿ, "ಅತ್ತಿ, ಹೇಳ್ಲೇನ್ರೀ?" ಎಂದಳು.

ಪೀರಮ್ಮ ಈಚೆ ಬದಿಗೆ ನಿಂತಿದ್ದಳು. "ಹೇಳವ್ವಾ," ಎಂದು ಸೊಸೆಯ ಭುಜ ಹಿಡಿದಳು.

ಬಾಯಿಯ ಹುಣ್ಣು, ಕೆಳಗಿನ ಹುಣ್ಣು, ಕಣ್ಣು ಎಲ್ಲ ಒಂದೇ ರೋಗ; ಇದು ಯಾರಿಂದಲೂ ಅಂಟಿದ್ದಲ್ಲ, ಶೈಲಶ್ರೀಯ ಮೈಯೇ ಅವಳ ಮೇಲೆ ತಿರುಗಿಬಿದ್ದಿದೆ ಎಂದರು ಡಾಕ್ಟರು. ಆಮೇಲೆ ಮಲ್ಲುವನ್ನು ಒಳಗೆ ಕರೆದರು. "ಎಡಗಣ್ಣು ಹೋಗ್ಯಾದ. ಬಲಗಣ್ಣು ಉಳಿಸ್ಲಿಕ್ಕೆ ನೋಡ್ತೀವಿ. ಬಾಯಾಗ, ಕೆಳಗ ಎರಡೂ ಕಡೆ ಹುಣ್ಣು ಅದಾವಂತ ಎರಡು ವರ್ಷದ ಹಿಂದೇ ಗೊತ್ತಾಗಿದ್ರ, ಕಣ್ಣಿಗಿ ಬರೋಕಿಂತ ಮೊದಲೇ ಔಷಧ ಸುರು ಮಾಡಬಹುದಿತ್ತು."

ಮಲ್ಲು ಹೆಂಡತಿಯ ಮೇಲೆ ಹರಿಹಾಯ್ದ. "ಎರಡು ವರ್ಷ ಯಾಕ ಮುಚ್ಚಿಟ್ಟಿ? ನನಗರ ಹೇಳಬಾರ್ದಾಗಿತ್ತೇನು?"

ಈಗ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು ಪೀರಮ್ಮ.

"ನನಗೇ ನಾಚಿಕಿ ಆತ್ರೀ," ಎಂದಳು ಶೈಲಶ್ರೀ. "ಅತ್ತಿಗೂ ಹೇಳಿರಲಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಪೀರಮ್ಮನನ್ನು ನೋಡಿದರು. ಮಲ್ಲುವೂ ನೋಡಿದ. ಪೀರಮ್ಮ ಹೌದೆಂದು ತಲೆಯಾಡಿಸಿದಳು.