ಎರಡು ಹುಲ್ಲಿನ ಬುಡ

ನರ್ಸರಿಯ ಗೇಟಿನ ಪಕ್ಕದಲ್ಲಿ ಎರಡು ಹುಲ್ಲಿನ ಗಿಡಗಳು ಮೈಗೆ ಮೈ ತಾಗಿಸಿಕೊಂಡು ಬೆಳೆದಿದ್ದವು. ಒಂದು ಅತ್ತೆಯದು, ಇನ್ನೊಂದು ಸೊಸೆಯದು. ಅತ್ತೆಯದನ್ನು ಯಾರೂ ನೆಟ್ಟಿರಲಿಲ್ಲ. ಅದು ಆ ಮಣ್ಣಿನದೇ ಹುಲ್ಲು, ನರ್ಸರಿಗೂ ಮೊದಲಿನಿಂದ ಅಲ್ಲಿತ್ತು. ಸೊಸೆಯದು ಅವಳ ಜೊತೆಗೇ ಬಂದದ್ದು. ದೂರದ ಯಾವುದೋ ದೇಶದ ಆ ತಳಿಯನ್ನು ಅವಳ ತಾಯಿ ಕುಂಡದಲ್ಲಿ ಸಾಕಿದ್ದಳು. ಮಗಳ ಮದುವೆಯಾದಾಗ ಬುಡ ಸೀಳಿ, ಒಂದು ಪಾಲನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸಿದ್ದಳು.

ಅದರ ಗರಿಹೂವಿಗೆ ಬೆಳ್ಳಿಯ ಬಣ್ಣ. ಆದರೆ ಹೂ ಬೀಜ ಕಟ್ಟುವುದಿಲ್ಲ, ಬುಡ ಸೀಳಿಯೇ ಬೆಳೆಸಬೇಕು. ಈ ಮಣ್ಣಿನಲ್ಲಿ ಅದು ಬದುಕಿತ್ತೇ ಹೊರತು ಸೀಳುವಷ್ಟು ದಪ್ಪವಾಗಿರಲಿಲ್ಲ. ತಾಯಿ ಈಗಿಲ್ಲ. ಕುಂಡವಿದ್ದ ಮನೆಯೂ ಇಲ್ಲ. ಗೇಟಿನ ಪಕ್ಕದ್ದು ಹೋದರೆ ಅದರ ವಂಶ ಅಲ್ಲಿಗೆ ಮುಗಿಯಿತು.

"ನಿನ್ನ ರಾಣಿ ಇವತ್ತೂ ತಲೆ ಬಾಚ್ಕೊಂಡಿಲ್ವೇನೇ?" ಎಂದು ಅತ್ತೆ ಸೊಸೆಯ ಹುಲ್ಲನ್ನು ತೋರಿಸಿ ಕೆಣಕುವಳು.

"ನಿಮ್ಮ ಪೊರಕೆ ಅವಳಿಗೆ ಉಸಿರಾಡೋಕೆ ಬಿಟ್ರೆ ತಾನೇ ಅತ್ತೆ."

"ಇವರಿಬ್ಬರ ಮಧ್ಯೆ ನಾನು ಗರಿಕೆ," ಎನ್ನುತ್ತ ಮಗ ವ್ಯಾನು ಹೊರಡಿಸುವನು.

ವರ್ಷಕ್ಕೊಮ್ಮೆ, ಹೊಸ ಚಿಗುರಿಗೆ ಮೊದಲು, ಹುಲ್ಲನ್ನು ಕತ್ತರಿಸಬೇಕು. ಒಣಗಿದ ಎಲೆಗಳನ್ನೆಲ್ಲ ಜಡೆಯಂತೆ ಒಟ್ಟಿಗೆ ಕಟ್ಟಿ, ಗೇಣುದ್ದ ಬುಡ ಬಿಟ್ಟು ಕೊಯ್ಯುವುದು ಅವರ ಕ್ರಮ. ಸೊಸೆ ತನ್ನದನ್ನು ಕೆಂಪು ಚಿಂದಿಯಿಂದ ಕಟ್ಟುತ್ತಿದ್ದಳು. ಕೊಯ್ದ ಮೇಲೆ ಚಿಂದಿ ಕಟ್ಟಿನ ಜೊತೆಗೇ ಹೋಗುತ್ತದೆ. ಉಳಿಯುವುದು ಕಂದು ಕೂಳೆ, ಎರಡೂ ಒಂದೇ ತರ.

ಈ ಸಲ ಕೊಯ್ದ ಮರುದಿನ ಸೊಸೆ ಗಂಡನ ಜೊತೆ ಒಂದು ಪಾರ್ಕಿನ ಕೆಲಸಕ್ಕೆ ಹೋದಳು. ಹಿಂದಿರುಗಿದಾಗ ಗೇಟಿನ ಬಳಿ ಅರ್ಧ ಜಾಗ ಖಾಲಿಯಾಗಿತ್ತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನಂದನ್ನ ಕಿತ್ಹಾಕ್ದೆ. ಇನ್ನಾದ್ರೂ ನಿಂದು ದಪ್ಪ ಆಗ್ಲಿ."

ಅಷ್ಟು ವರ್ಷಗಳ ಹುಲ್ಲನ್ನು ಯಾರೂ ಕೇಳದೆ ಕಿತ್ತವಳಿಗೆ ಸೊಸೆ ಚಹಾ ಮಾಡಿ ಕೊಟ್ಟಳು.

ಚಿಗುರು ಬಂತು. ಸೊಸೆಯ ಹುಲ್ಲಿನ ಅಂಚು ನಯ, ಅತ್ತೆಯದು ಬ್ಲೇಡು. ಬೆಳಿಗ್ಗೆ ನೀರು ಹಾಕುವಾಗ ಸೊಸೆ ಒಂದು ಎಲೆಯ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳಿನಲ್ಲಿ ಸಣ್ಣ ಕೆಂಪು ಗೆರೆ ಮೂಡಿತು.

"ಅತ್ತೆ, ಇದು ನಿಮ್ಮದು."

ಅತ್ತೆ ಬಂದು ತಾನೂ ಸವರಿ ನೋಡಿದಳು. ಇನ್ನೊಂದು ಎಲೆ, ಮತ್ತೊಂದು.

"ಗೇಟಿನ ಕಡೇದನ್ನ ಕಿತ್ತೆ, ಅದು ನಂದಲ್ವೇನೇ? ಯಾವತ್ತೂ ಅಲ್ಲೇ ಇತ್ತಲ್ಲ."

ಇಂಥ ಹುಲ್ಲು ವಯಸ್ಸಾದಂತೆ ನಡುವೆ ಸಾಯುತ್ತದೆ, ಅಂಚಿನಲ್ಲಿ ಹಬ್ಬುತ್ತದೆ. ಕೊಳ್ಳಲು ಬಂದವರಿಗೆಲ್ಲ ಅತ್ತೆಯೇ ಹೇಳುವ ಮಾತು ಅದು. ಇವೆರಡೂ ಹಾಗೇ ಹಬ್ಬುತ್ತ, ಒಂದರ ಸತ್ತ ನಡುವಿನೊಳಗೆ ಇನ್ನೊಂದು ಹೊಕ್ಕು, ಮೇಲೆ ಎಲೆಗಳು ಹೆಣೆದುಕೊಂಡಿದ್ದರಿಂದ ಬುಡದಲ್ಲಿ ಯಾರಿಗೂ ಕಾಣದಂತೆ ಜಾಗ ಬದಲಿಸಿದ್ದವು. ಕಿತ್ತ ಬುಡ ಆಗಲೇ ಮಷೀನಿನಲ್ಲಿ ಪುಡಿಯಾಗಿ ಕುಂಡಗಳಿಗೆ ಹೊದಿಕೆಯಾಗಿತ್ತು. ಸೊಸೆ ಆ ಪುಡಿಯನ್ನು ಕೈಯಲ್ಲಿ ಜಾಲಾಡಿದಳು. ಹಸಿರೆಂಬುದು ಸಿಗಲಿಲ್ಲ.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಜಗಳವೇನಲ್ಲ. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೇನೋ. ಬೈಯಲು ಸೊಸೆಗೆ ಏನೂ ಸಿಗುತ್ತಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆ ಗುದ್ದಲಿ ಹಿಡಿದು ಗೇಟಿನ ಬಳಿ ನಿಂತಿದ್ದಳು.

"ಪೈಪ್ ಹಿಡಿ ಬಾ. ನಿಂದು ಏನಾದ್ರೂ ಚೂರು ಉಳಿದಿರುತ್ತೆ."

ಹುಲ್ಲಿನ ಪಕ್ಕದಲ್ಲಿ ಅಗೆದರು. ಬುಡದ ಬದಿಯ ಮಣ್ಣನ್ನು ಸೊಸೆ ನೀರಿನಿಂದ ಮೆಲ್ಲಗೆ ತೊಳೆದಳು. ಬೇರು ಕಂಡಿತು. ಮೊಣಕಾಲಷ್ಟು ಆಳಕ್ಕೆ ಮುಗಿಯಬಹುದೆಂದುಕೊಂಡರು, ಮುಗಿಯಲಿಲ್ಲ. ಸೊಸೆಯೂ ಇಳಿದು ಅಗೆದಳು. ಗುಂಡಿ ಸೊಂಟ ದಾಟಿ ಎದೆಯ ತನಕ ಬಂತು. ಬೇರುಗಳು ಮಾತ್ರ, ಬಿಚ್ಚಿ ಬಿಟ್ಟ ಕೂದಲಿನಂತೆ, ಅವರ ಪಾದದ ಕೆಳಗಿನ ಕತ್ತಲೆಗೆ ಇಳಿಯುತ್ತಲೇ ಇದ್ದವು. ಮೇಲೆ ಗೇಣುದ್ದದ ಚಿಗುರು, ಕೆಳಗೆ ಇಷ್ಟು. ದಿನವೂ ಇದರ ಮೇಲೆಯೇ ಓಡಾಡಿದ್ದರು, ಕುಂಡ ಎಳೆದಿದ್ದರು, ಮಾತಿಗೆ ಮಾತು ಕೊಟ್ಟಿದ್ದರು. ಸೊಸೆ ಪೈಪನ್ನು ಬಗ್ಗಿಸಿ ನೀರು ನಿಲ್ಲಿಸಿದಳು. ಬೇರುಗಳಿಂದ ಹನಿ ಬೀಳುವುದು ಕೇಳಿಸಿತು.

"ನಂಗೊತ್ತೇ ಇರ್ಲಿಲ್ಲ," ಎಂದಳು ಅತ್ತೆ, ಗುಡಿಯೊಳಗೆ ಮಾತಾಡಿದ ಹಾಗೆ.

ಆಗ ಸೊಸೆಯ ಕಣ್ಣಿಗೆ ಬಿತ್ತು. ಮೇಲಿನ ಅಂಚಿನಲ್ಲಿ, ಅತ್ತೆಯ ಹುಲ್ಲಿನ ಬೇರುಗಳ ಮುಷ್ಟಿಯೊಳಗೆ ಬೆರಳುದ್ದದ ಒಂದು ಗೆಣ್ಣು. ಅದರ ತುದಿಯಲ್ಲಿ ಕೆಂಪು ಮೊಳಕೆ. ಮಣ್ಣಿನೊಳಗಿನ ಮೊಳಕೆಯ ಈ ಕೆಂಪು ಸೊಸೆಯ ತಳಿಗಿದೆ, ಅತ್ತೆಯ ಹುಲ್ಲಿಗಿಲ್ಲ. ಕೀಳುವಾಗ ಹಿಡಿತ ಸಡಿಲದೆ ಒಂದು ತುಂಡು ಅಲ್ಲೇ ಉಳಿದಿತ್ತು. ಈಗ ಅದರ ಎಳೆಯ ಬಿಳಿ ಬೇರು, ಅತ್ತೆಯ ಹುಲ್ಲಿನ ಹಳೆಯ ಬೇರೊಂದು ಕೊಳೆತು ಬಿಟ್ಟ ಸಂದಿಯಲ್ಲಿ, ತನಗಾಗಿಯೇ ತೋಡಿಟ್ಟ ದಾರಿಯೆಂಬಂತೆ ಇಳಿದಿತ್ತು.

ಅತ್ತೆ ಸೊಂಟದಿಂದ ಚಾಕು ತೆಗೆದು ತನ್ನ ಹುಲ್ಲಿನ ಬೇರಿಗೆ ಇಟ್ಟಳು.

"ಬಿಡಿಸಿ ಕೊಡ್ತೀನಿ ತಾಳು. ನಂದು ಸತ್ರೆ ಸಾಯ್ಲಿ."

ಸೊಸೆ ಅವಳ ಮಣಿಕಟ್ಟು ಹಿಡಿದಳು. ಬಿಡಿಸಿದರೆ ಮೊಳಕೆ ಕೈಗೆ ಬರುತ್ತದೆ, ಕುಂಡದಲ್ಲಿ ನೆಡಬಹುದು, ತನ್ನದೇ ಎನ್ನಬಹುದು. ಬಿಳಿ ಬೇರು ಇಳಿದ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿದಳು.

"ಬೇಡ ಅತ್ತೆ. ಮಣ್ಣು ಮುಚ್ಚೋಣ."

ಗುಂಡಿಯಿಂದ ಹತ್ತಲು ಅತ್ತೆಗೆ ಆಗಲಿಲ್ಲ, ಸೊಸೆ ಎಳೆದುಕೊಂಡಳು. "ಇಲ್ಲೇ ನೆಟ್ಟುಬಿಡ್ತೀಯೇನೋ ಅಂದ್ಕೊಂಡೆ," ಎಂದಳು ಅತ್ತೆ. ಎಷ್ಟೋ ದಿನಗಳ ಮೇಲೆ ಸೊಸೆ ನಕ್ಕಳು. ಇಬ್ಬರೂ ಕೈಯಿಂದಲೇ ಗುಂಡಿ ಮುಚ್ಚಿದರು.

ಹೂವಿನ ಕಾಲದಲ್ಲಿ ಅತ್ತೆಯ ಹುಲ್ಲು ಕಂದು ತೆನೆಗಳನ್ನು ಎತ್ತಿತು. ಅವುಗಳ ನಟ್ಟನಡುವೆ ಒಂದೇ ಒಂದು ಬೆಳ್ಳಿಯ ಗರಿ. ಗಾಳಿ ಬಂದಾಗ ಎಲ್ಲವೂ ಒಂದೇ ಕಡೆಗೆ ವಾಲಿದವು. ಗೇಟು ತೆರೆಯಲು ಬಂದ ಸೊಸೆ ಬೀಗ ಕೈಯಲ್ಲೇ ಹಿಡಿದು ನಿಂತಳು. ಹಿಂದೆ ಅತ್ತೆ ಯಾವಾಗ ಬಂದಳೋ ತಿಳಿಯಲಿಲ್ಲ.

"ಈ ಸಲ ಚಿಂದಿ ಎಲ್ಲಿಗೆ ಕಟ್ತೀಯೇ?"